ಹತ್ತು ಲಕ್ಷದ ಬೈಕು, ಮನೆಯಲ್ಲೇ ಉಳಿದ ಪಂಪು

ಏರ್ ಫೋರ್ಕ್ ಇರೋ ಡರ್ಟ್ ಬೈಕ್ ತಗೊಂಡಿದ್ದೀನಿ ಅಂತ ಹೇಳಿಕೊಳ್ಳುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಇವತ್ತು ಬೆಳಿಗ್ಗೆ ಅದರಲ್ಲಿ ಎಷ್ಟು ಬಾರ್ ಇತ್ತು? ಎಷ್ಟು ಸಿಸಿ, ಎಷ್ಟು ಕೆಜಿ, ಆನ್ ರೋಡ್ ಎಷ್ಟಾಯ್ತು (ಆ ಬೈಕು ರೋಡಿಗೆ ಇಳಿಯೋ ಹಾಗೇ ಇಲ್ಲ, ರಿಜಿಸ್ಟ್ರೇಶನ್ನೇ ಆಗಲ್ಲ, ಆದರೂ ಬಾಯಿಗೆ ಬರೋದು ಆನ್ ರೋಡ್ ಅಂತಲೇ), ಎಲ್ಲಕ್ಕೂ ಥಟ್ಟನೆ ಉತ್ತರ ಸಿಗುತ್ತದೆ. ಬಾರ್ ಎಷ್ಟು ಅಂದರೆ ಮಾತ್ರ ಇಂದಿರಾನಗರದ ಬಾರ್ ನೆನಪಾದವರ ಹಾಗೆ ನಗುತ್ತಾರೆ.

2024ರ ನವೆಂಬರಿನಲ್ಲಿ ಕೆಟಿಎಂ ತನ್ನ ಮೋಟೋಕ್ರಾಸ್ ಬೈಕುಗಳನ್ನು ಇಲ್ಲಿ ಅಧಿಕೃತವಾಗಿ ಮಾರಲು ಶುರು ಮಾಡಿತು. 450 ಎಸ್‌ಎಕ್ಸ್-ಎಫ್ ಬೆಲೆ ಆಗ ಹತ್ತು ಲಕ್ಷದ ಮೇಲಿತ್ತು. ಅದಕ್ಕೂ ಮೊದಲೇ ಹೇಗೋ ತರಿಸಿಕೊಂಡವರು, ಸೆಕೆಂಡ್ ಹ್ಯಾಂಡ್ ಹಿಡಿದವರು ಇದ್ದರು. ಈಗ ನಮ್ಮ ಆಫೀಸುಗಳಲ್ಲೂ ಅಲ್ಲೊಬ್ಬ ಇಲ್ಲೊಬ್ಬ ಕಾಣಿಸುತ್ತಿದ್ದಾನೆ. ಈ ಬೈಕಿನ ಮುಂದಿನ ಎರಡು ಕಾಲುಗಳಲ್ಲಿ ಸ್ಪ್ರಿಂಗೇ ಇಲ್ಲ. ಒಂದು ಕಾಲಿನಲ್ಲಿ ಗಾಳಿ, ಇನ್ನೊಂದು ಕಾಲಿನಲ್ಲಿ ಆ ಕುಣಿತವನ್ನು ಹಿಡಿದು ನಿಲ್ಲಿಸುವ ಎಣ್ಣೆ ಮತ್ತು ಕವಾಟಗಳು. ಬೈಕು, ಅದರ ಮೇಲಿರುವ ಮನುಷ್ಯ, ಅವನು ಹಾರಿ ಇಳಿಯುವ ಪೆಟ್ಟು, ಇಷ್ಟನ್ನೂ ಮುಂದುಗಡೆ ಹೊರುವುದು ಒಂದು ಕೊಳವೆಯಲ್ಲಿ ಸುಮಾರು 10 ಬಾರ್ ಒತ್ತಡದಲ್ಲಿ ಕೂತಿರುವ ಗಾಳಿ. ನಿಮ್ಮ ಕಾರಿನ ಟೈರಿನಲ್ಲಿರುವುದು ಎರಡು, ಎರಡೂವರೆ ಬಾರ್.

ಎಕ್ಸ್‌ಪಲ್ಸ್, ಹಿಮಾಲಯನ್ ಇರುವವರು ಗಾಬರಿ ಆಗಬೇಡಿ, ನಿಮ್ಮದು ಸ್ಪ್ರಿಂಗು. ಪಲ್ಸರ್ ಹಿಂದೆ ಡಬ್ಬಿ ಇರುವ ಶಾಕ್ ನೋಡಿ ನಮ್ಮದೂ ಗ್ಯಾಸ್ ಸಸ್ಪೆನ್ಶನ್ ಅನ್ನುವವರಿಗೂ ಹೇಳಿಬಿಡ್ತೀನಿ, ಅಲ್ಲಿ ಭಾರ ಹೊರೋದು ಸ್ಪ್ರಿಂಗೇ. ಆ ನೈಟ್ರೋಜನ್ ಇರೋದು ಎಣ್ಣೆ ನೊರೆ ಕಟ್ಟಬಾರದು ಅಂತ.

ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಳ್ಳೋದು ಅಂದರೇನು ಅನ್ನೋದು ನಮ್ಮ ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹತ್ತಿಗೆ, ಮೆಣಸಿನ ಗಿಡಕ್ಕೆ ಔಷಧ ಹೊಡೆಯುವ ಪಂಪನ್ನು ಬೆನ್ನಿಗೆ ಹಾಕಿಕೊಂಡ ಎಲ್ಲರಿಗೂ ಅದು ಕೈಯಲ್ಲೇ ಗೊತ್ತು. ಹಿಡಿ ಆಡಿಸುವಾಗ ಮೊದಮೊದಲು ಸಲೀಸು, ಆಮೇಲೆ ಬಿಗಿ. ಒಳಗಿನ ವಾಷರ್ ಸವೆದಿದ್ದರೆ ಎಷ್ಟು ಆಡಿಸಿದರೂ ಒತ್ತಡ ನಿಲ್ಲಲ್ಲ. ಅದಕ್ಕೇ ಹೊಲಕ್ಕೆ ಹೋಗೋ ಮುಂಚೆ ಮನೆ ಅಂಗಳದಲ್ಲೇ ಬರೀ ನೀರು ಹಾಕಿ ನಾಲ್ಕು ಸಲ ಹೊಡೆದು ನೋಡುತ್ತಾರೆ. ಕೆಲವೇ ಸಾವಿರದ ಪಂಪಿಗೆ ಇಷ್ಟು ಮರ್ಯಾದೆ.

ಪಿಯುಸಿಯಲ್ಲಿ ಬಾಯಿಪಾಠ ಹೊಡೆದ ಬಾಯ್ಲ್‌ನ ನಿಯಮ ಇದೇ. ಜಾಗ ಅರ್ಧಕ್ಕಿಳಿದರೆ ಒತ್ತಡ ದುಪ್ಪಟ್ಟು. ಅದರ ಪಕ್ಕದಲ್ಲೇ ಇದ್ದ ಉಷ್ಣಾಂಶದ ನಿಯಮವನ್ನು ಜನ ಮರೆತಿರುತ್ತಾರೆ. ಏಪ್ರಿಲ್ ತಿಂಗಳ ಬೆಳಿಗ್ಗೆ ಆರು ಗಂಟೆಗೆ 24 ಡಿಗ್ರಿ ಇದ್ದಾಗ ಗೇಜಿನಲ್ಲಿ 10 ಬಾರ್ ತೋರಿಸುವಷ್ಟು ತುಂಬಿಸಿದಿರಿ ಅಂದುಕೊಳ್ಳಿ. ಮಧ್ಯಾಹ್ನ ಗದಗ ಜಿಲ್ಲೆಯ ಬಿಸಿಲು 40 ಮುಟ್ಟಿದಾಗ, ನೀವು ಏನೂ ಮಾಡದೆ, ಅದು 10.6 ಆಗಿರುತ್ತದೆ. ಫೋರ್ಕ್ ಕುಣಿದು ಒಳಗೇ ಹುಟ್ಟುವ ಬಿಸಿ ಬೇರೆ. ಒಂದು ಸಲಕ್ಕೆ 0.2 ಬಾರ್ ಮಾತ್ರ ಏರಿಸಿ ಇಳಿಸಿ ನೋಡಬೇಕಾದ ಸಾಮಾನಿನಲ್ಲಿ ಇದು ಪೂರಾ ಮೂರು ಹೆಜ್ಜೆ. ಅದಕ್ಕೇ ಒತ್ತಡ ನೋಡಬೇಕಾದ್ದು ಬೈಕು ತಣ್ಣಗಿದ್ದಾಗ, ಮುಂದಿನ ಚಕ್ರ ನೆಲದಿಂದ ಎದ್ದಿರುವಾಗ, ಪ್ರತಿ ಸಲ ಓಡಿಸುವ ಮೊದಲು. ಪ್ರತಿ ತಿಂಗಳು ಅಲ್ಲ ಕಣ್ರೀ, ಪ್ರತಿ ಸಲ.

ಈ ಸಿಟ್ಟು ಎಲ್ಲಿಂದ ಬಂತು ಅಂತ ಹೇಳಿಬಿಡ್ತೀನಿ. ಹೋದ ದಸರಾ ರಜೆಗೆ ಬೆಂಗಳೂರಿಂದ ಪರಿಚಯದವರ ಒಂದು ಗುಂಪು ಬೈಕುಗಳನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ನಮ್ಮ ಕಡೆ ಬಂದಿತ್ತು. ಕಪ್ಪತಗುಡ್ಡ ಹತ್ತೋಣ ಅಂತ ಅವರ ಆಸೆ. ಅದು 2019ರಿಂದ ವನ್ಯಜೀವಿಧಾಮ, ಅಲ್ಲಿ ಬೈಕು ತಿರುವೋ ಹಾಗಿಲ್ಲ ಅಂತ ಹೇಳಿದ ಮೇಲೆ ಊರ ಹೊರಗಿನ ಬೀಳು ನೆಲಕ್ಕೆ ಒಪ್ಪಿಕೊಂಡರು. ಗ್ಯಾರೇಜಿನ ಮುಂದೆ ಬೈಕು ಇಳಿಸುವಾಗಲೇ ನಮ್ಮೂರ ಮೇಸ್ತ್ರಿ, ಟ್ರ್ಯಾಕ್ಟರ್ ಹೈಡ್ರಾಲಿಕ್ ಬಿಚ್ಚಿ ಬಿಚ್ಚಿ ಕೈ ಕಪ್ಪಾದ ಮನುಷ್ಯ, ಒಂದು ಸುತ್ತು ಹಾಕಿ ಕೇಳಿದ: "ಸರ, ಗಾಡಿ ಮುಂದ ಕುಂತಂಗ ಕಾಣ್ತೈತಲ್ರಿ?" ಬೈಕಿನ ಯಜಮಾನ ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸುತ್ತಾ, "ಏರ್ ಫೋರ್ಕ್ ಹಂಗೇ ಇರುತ್ತೆ ಗುರು" ಅಂದ. ಪಂಪ್ ಇದೆಯಾ ಅಂದರೆ, ಇದೆ, ಮನೇಲಿ ಇದೆ.

ಸಂಜೆ ಹೊತ್ತಿಗೆ, ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗನಿಗೂ ಒಂದು ರೌಂಡ್ ಕೊಟ್ಟರು. ಒಳ್ಳೇ ಮನಸ್ಸಿಂದಲೇ ಕೊಟ್ಟರು, ಅದರಲ್ಲಿ ಅನುಮಾನ ಇಲ್ಲ. ಹುಡುಗ ಒಂದು ಒಡ್ಡು ಹಾರಿಸಿದ. ಸೊಂಟದೆತ್ತರವೂ ಇಲ್ಲದ ಒಡ್ಡು. ಇಳಿಯುವಾಗ ಮುಂದಿನ ಫೋರ್ಕ್ ಪೂರ್ತಿ ತಳಕ್ಕೆ ಬಡಿಯಿತು, ಹ್ಯಾಂಡಲ್ ತಿರುಗಿತು, ಹುಡುಗ ಅದರ ಮೇಲಿಂದ ಹೋಗಿ ಬಿದ್ದ. ಕೊರಳ ಮೂಳೆ ಮುರಿದು ಆರು ವಾರ ಕೈ ಕಟ್ಟಿಕೊಂಡು ಕೂತ. ಗೋವಿನಜೋಳದ ರಾಶಿ ನಡೆಯೋ ಹೊತ್ತು, ಟ್ರ್ಯಾಕ್ಟರ್ ಹೊಡೆದು ನಾಲ್ಕು ಕಾಸು ಕಾಣುವ ಹೊತ್ತು ಅದು. "ಅವನಿಗೆ ಲ್ಯಾಂಡಿಂಗ್ ಬರಲ್ಲ" ಅಂತ ತೀರ್ಪಾಯಿತು. ಎರಡು ವಾರದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಅದೇ ಯಜಮಾನ, ಒಂದು ಹೆಬ್ಬೆರಳಿನ ಚಿತ್ರದ ಜೊತೆ, ಬರೆದ: "ಫೋರ್ಕ್ 6 ಬಾರ್‌ಗೆ ಇಳಿದಿತ್ತು ಮಗಾ, ಟಾಪ್ ಅಪ್ ಮಾಡಿದೆ."

ಹತ್ತಕ್ಕಿಂತ ಮೇಲೆ ಇರಬೇಕಾದ್ದು ಆರಕ್ಕೆ. ಆ ಸಂಜೆ ಎಷ್ಟಿತ್ತು ಅಂತ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ನೋಡಿರಲಿಲ್ಲ. ಕಣ್ಣಳತೆಯಲ್ಲೇ ಕಂಡುಹಿಡಿದವನ ಮಾತು ಅಲ್ಲಿ ನಡೆಯಲಿಲ್ಲ. ಅವನ ಅಂಗಿ ಮೇಲೆ ಗ್ರೀಸ್ ಇತ್ತು, ಇವನ ಅಂಗಿ ಮೇಲೆ ಸ್ಟಿಕ್ಕರ್ ಇತ್ತು.

ಸ್ಪ್ರಿಂಗಿಗೂ ಗಾಳಿಗೂ ಇರುವ ನಿಜವಾದ ವ್ಯತ್ಯಾಸ ತೂಕದಲ್ಲಿಲ್ಲ, ಕೆಡುವ ರೀತಿಯಲ್ಲಿದೆ. ಸ್ಪ್ರಿಂಗ್ ಕೆಡೋದಕ್ಕೆ ವರ್ಷಗಟ್ಟಲೆ ಬೇಕು. ಶುಕ್ರವಾರ ಸರಿ ಇದ್ದ ಸ್ಪ್ರಿಂಗ್ ಶನಿವಾರ ಬೆಳಿಗ್ಗೆ ಅರ್ಧ ಶಕ್ತಿಗೆ ಬಂದ ಕತೆ ನಾನಂತೂ ಕೇಳಿಲ್ಲ. ಗಾಳಿ ಹಾಗಲ್ಲ, ಒಂದು ಒ-ರಿಂಗ್ ಸೀಳಿದರೆ ಸಾಕು. ಇನ್ನೂ ಒಂದು ವಿಷಯ, ಎಣ್ಣೆ ಸೋರಿದರೆ ಕೊಳವೆ ಮೇಲೆ ಜಿಡ್ಡಾಗಿ ಕಾಣುತ್ತದೆ. ಗಾಳಿ ಸೋರಿದರೆ ಕಾಣುವುದಿಲ್ಲ. ಎಷ್ಟೋ ಸಲ ಅದು ಹೊರಗೂ ಬರುವುದಿಲ್ಲ, ಹೆಚ್ಚಿನ ಒತ್ತಡದ ಒಳ ಕೊಳವೆಯಿಂದ ಅದೇ ಕಾಲಿನ ಹೊರ ಕೊಳವೆಗೆ ಸದ್ದಿಲ್ಲದೆ ಜಾರಿಕೊಳ್ಳುತ್ತದೆ. ಫೋರ್ಕಿನ ತಲೆ ಮೇಲಿರುವ ಪುಟ್ಟ ಬ್ಲೀಡ್ ಸ್ಕ್ರೂ ತೆಗೆದಾಗ ಪ್ರತಿ ಸಲ ಜೋರಾಗಿ ಬುಸ್ ಅಂದು, ಆ ಕಡೆ ಗೇಜಿನಲ್ಲಿ ಒತ್ತಡವೂ ಬೀಳುತ್ತಿದ್ದರೆ ಒಳಗಿನ ಸೀಲ್ ಹೋಗಿದೆ ಅಂತ ಅರ್ಥ. ಅದನ್ನು ಟಾಪ್ ಅಪ್ ಮಾಡುತ್ತಾ ಕಾಲ ಹಾಕೋದು, ಮೆಮೊರಿ ಲೀಕ್ ಇರುವ ಸರ್ವರನ್ನು ದಿನಾ ರಾತ್ರಿ ರೀಸ್ಟಾರ್ಟ್ ಮಾಡಿ "ಸ್ಟೇಬಲ್ ಇದೆ" ಅಂದ ಹಾಗೆ. ನಮ್ಮಲ್ಲಿ ಹಾಗೆ ಮಾಡುವವರೂ ಇದ್ದಾರೆ, ಬಿಡಿ.

ಪಂಪು ಅಂದೆನಲ್ಲ, ಅದು ಪೆಟ್ರೋಲ್ ಬಂಕಿನ ಗಾಳಿ ಮಿಷನ್ ಅಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೂಡ ಅಲ್ಲ. ಫೋರ್ಕಿನೊಳಗೆ ಗಾಳಿಗಿರುವ ಜಾಗ ತೀರಾ ಕಡಿಮೆ, ದೊಡ್ಡ ಕಂಪ್ರೆಸರ್ ಅರೆಕ್ಷಣ ಬಾಯಿಟ್ಟರೂ ಲೆಕ್ಕ ತಪ್ಪುತ್ತದೆ. ಬೇಕಾದ್ದು ಕೈಯಲ್ಲಿ ಒತ್ತುವ ಸಣ್ಣ ಶಾಕ್ ಪಂಪ್, ಗೇಜ್ ಇರುವಂಥದ್ದು. ಇದರಲ್ಲೂ ಒಂದು ಮರ್ಮ ಇದೆ. ಪಂಪಿನ ಪೈಪ್ ಸಿಕ್ಕಿಸಿದ ಕೂಡಲೇ ಫೋರ್ಕಿನ ಗಾಳಿ ಸ್ವಲ್ಪ ಆ ಪೈಪಿಗೇ ತುಂಬಿಕೊಳ್ಳುತ್ತದೆ. ಹಾಗಾಗಿ ಗೇಜ್ ತೋರಿಸೋದು ನಿಜಕ್ಕಿಂತ ಕಡಿಮೆ. ಹೊಸಬರು ದಿನಾ ಪಂಪ್ ಹಾಕಿ, ದಿನಾ ಕಡಿಮೆ ಕಂಡು, "ಇದು ದಿನಾ ಸೋರುತ್ತೆ, ಕಂಪನಿಯವರು ಮೋಸ ಮಾಡಿದರು" ಅಂತ ಕೂಗಾಡುತ್ತಾರೆ. ಒಂದೇ ಪಂಪು, ಒಂದೇ ರೀತಿ, ತುಂಬಿಸಿ ಬಿಟ್ಟ ಅಂಕಿ ಒಂದು ನೋಟ್‌ಬುಕ್ಕಿನಲ್ಲಿ. ಆಗ ನಿಜವಾದ ಸೋರಿಕೆ ಯಾವುದು, ಪಂಪಿನ ಆಟ ಯಾವುದು ಅಂತ ಮೂರನೇ ವಾರಕ್ಕೇ ಗೊತ್ತಾಗುತ್ತದೆ. ನೈಟ್ರೋಜನ್ ತುಂಬಿಸಿದರೆ ಎಲ್ಲ ಸರಿಹೋಗುತ್ತೆ ಅನ್ನುವ ಇನ್ನೊಂದು ಪಂಗಡ ಇದೆ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ ಸ್ವಾಮಿ, ಸವೆದ ಸೀಲಿಗೆ ಎರಡೂ ಒಂದೇ.

ಇನ್ನು ನಮ್ಮ ಮಣ್ಣು. ಮಸಾರಿ ನೆಲದ ಧೂಳು ಒರೆಸಿದರೆ ಹೋಗುತ್ತದೆ. ಎರಿ ಮಣ್ಣು ಹಾಗಲ್ಲ. ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು, ಉಜ್ಜಿದರೆ ಪುಡಿ. ಈ ಬೈಕುಗಳಲ್ಲಿ ಫೋರ್ಕ್ ತಲೆಕೆಳಗಾಗಿ ಇರೋದರಿಂದ ಹೊಳೆಯುವ ಕೊಳವೆ ಚಕ್ರದ ಪಕ್ಕದಲ್ಲೇ, ಕೆಸರಿನ ಬಾಯಲ್ಲೇ ಇರುತ್ತದೆ. ಅದರ ಮೇಲೆ ಒಣಗಿ ಕೂತ ಎರಿ ಮಣ್ಣು ಮುಂದಿನ ಸಲ ಫೋರ್ಕ್ ಕುಣಿದಾಗ ಸೀಲಿನ ತುಟಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅದೇ ಮರಳುಕಾಗದ. ಹಾಗಾಗಿ ಓಡಿಸಿ ಬಂದ ಸಂಜೆಯೇ, ಮಣ್ಣು ಒಣಗೋ ಮುಂಚೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಧೂಳಿನ ಸೀಲನ್ನು ಮೆಲ್ಲಗೆ ಕೆಳಗೆ ಸರಿಸಿ ಅದರ ಹಿಂದೆ ನೋಡಬೇಕು. ಎಣ್ಣೆ ಜಿನುಗುತ್ತಿದ್ದರೆ ಸೀಲ್ ಹೋಯ್ತು ಅಂತ ಕೂಡಲೇ ತೀರ್ಮಾನಿಸಬೇಕಾಗಿಲ್ಲ. ಬಹಳ ಸಲ ಒಂದು ಕಣ ಸಿಕ್ಕಿಕೊಂಡಿರುತ್ತದೆ ಅಷ್ಟೆ. ಹಳೇ ಫೋಟೋ ನೆಗೆಟಿವ್ ತುಂಡನ್ನು ಸೀಲಿನ ತುಟಿಯೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದರೆ ಕಸ ಹೊರಗೆ ಬರುತ್ತದೆ. ಹಳೇ ಸ್ಟುಡಿಯೋಗಳಲ್ಲಿ ನೆಗೆಟಿವ್ ಇನ್ನೂ ಸಿಗಬಹುದು, ಒಂದೆರಡು ಕೇಳಿ ಇಟ್ಟುಕೊಳ್ಳಿ.

ಆದರೆ ನಾವು ಮಾಡೋದು ಏನು? ವಾಟರ್ ಸರ್ವಿಸ್. ಸರ್ವಿಸ್ ಅಂದರೇನೇ ವಾಟರ್ ಸರ್ವಿಸ್ ಅಂತ ನಂಬಿದ ನಾಡು ನಮ್ಮದು. ಒಂದು ಗೇಣು ದೂರದಿಂದ ಪ್ರೆಶರ್ ಗನ್ ಹಿಡಿದು ನೇರ ಸೀಲಿಗೇ ಹೊಡೆದರೆ ಮಣ್ಣು ಒಳಕ್ಕೆ ಹೋಗುತ್ತದೆ, ನೀರೂ ಹೋಗುತ್ತದೆ, ಗ್ರೀಸ್ ಮಾತ್ರ ಹೊರಗೆ ಬರುತ್ತದೆ. ಕೊನೆಗೆ ಹೊಳಪಿಗೆ ಅಂತ ಡೀಸೆಲ್ ಸ್ಪ್ರೇ. ಫೋಟೋಗೆ ಚೆನ್ನಾಗಿರುತ್ತೆ.

ಒಳಗಿನ ಸರ್ವಿಸ್ ಬೇರೆ. ಮೋಟೋಕ್ರಾಸ್ ಫೋರ್ಕಿನ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ. ಮೂವತ್ತು ನಲವತ್ತು ಗಂಟೆಗೊಮ್ಮೆ ಬಿಚ್ಚಬೇಕು. ವಾರಕ್ಕೆ ನಾಲ್ಕು ಗಂಟೆ ಓಡಿಸಿದರೆ ಎರಡು ತಿಂಗಳು, ಎರಡೂವರೆ ತಿಂಗಳು. ಹಳೇ ಎಣ್ಣೆ ತೆಗೆದು ಹೊಸದು ಹಾಕೋದು, ಸೀಲು ಬುಶ್ ನೋಡೋದು, ಗಾಳಿ ಕೊಳವೆಯ ಒ-ರಿಂಗ್‌ಗಳನ್ನು ಬದಲಿಸೋದು. ಗಾಳಿ ಇರುವ ಕಾಲಿನಲ್ಲೂ ಸ್ವಲ್ಪ ಎಣ್ಣೆ ಇರುತ್ತದೆ, ಸೀಲುಗಳು ನಯವಾಗಿ ಜಾರಲಿ ಅಂತ. ಅದೂ ಕೊಳೆಯಾಗುತ್ತದೆ. ಫೋರ್ಕ್ ಎಣ್ಣೆಯ ಜಾಗಕ್ಕೆ ಇಂಜಿನ್ನಿಗೆ ಹಾಕುವ 20-40 ಸುರಿಯುವವರನ್ನು ನೋಡಿದ್ದೇನೆ, ಅಷ್ಟು ಗಟ್ಟಿ ಎಣ್ಣೆ ಆ ಸಣ್ಣ ರಂಧ್ರಗಳಲ್ಲಿ ಹರಿಯುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ತಲೆಯ ಕ್ಯಾಪಿಗೆ ಸ್ಪ್ಯಾನರ್ ಹಾಕೋ ಮುಂಚೆ ಗಾಳಿ ಪೂರ್ತಿ ಬಿಟ್ಟಿರಬೇಕು, ಗೇಜ್ ಸೊನ್ನೆ ತೋರಿಸಬೇಕು. 10 ಬಾರ್ ಇರುವಾಗ ಬಿಚ್ಚಿದರೆ ಆ ಕ್ಯಾಪು ಮುಖಕ್ಕೇ ಬರುತ್ತದೆ.

ಇಷ್ಟೆಲ್ಲ ತಲೆನೋವು ಯಾಕೆ, ಏರ್ ಫೋರ್ಕೇ ದಂಡ, ಸ್ಪ್ರಿಂಗ್ ಹಾಕಿಸು ಅನ್ನುವವರಿದ್ದಾರೆ. ಅವರ ಬಳಿ ಇತಿಹಾಸ ಇದೆ. 2013ರಲ್ಲಿ ಹೋಂಡಾ, ಕವಾಸಕಿ 450ಗಳು ಗಾಳಿಗೆ ಹೋದವು, 2015ರಲ್ಲಿ ಸುಜುಕಿಯೂ. ಹೋಂಡಾ 2017ಕ್ಕೆ ಸ್ಪ್ರಿಂಗಿಗೆ ವಾಪಸ್ ಬಂತು, ಸುಜುಕಿ 2018ಕ್ಕೆ, ಕವಾಸಕಿ 2019ಕ್ಕೆ. ಯಮಹಾ ಈ ಕಡೆ ತಲೆಯನ್ನೇ ಹಾಕಲಿಲ್ಲ. ಕೆಟಿಎಂ ಬಳಗ ಮಾತ್ರ ಬಿಡದೆ ಹಿಡಿದುಕೊಂಡು ತಿದ್ದುತ್ತಾ ಬಂದಿದೆ. ಉಳಿತಾಯ ಒಂದೂವರೆ ಕೆಜಿ ಆಸುಪಾಸು. ಜೊತೆಗೆ ಇನ್ನೊಂದು ನಿಜವಾದ ಅನುಕೂಲ: 60 ಕೆಜಿ ಹುಡುಗನೂ 90 ಕೆಜಿಯ ಟೀಮ್ ಲೀಡೂ ಒಂದೇ ಬೈಕನ್ನು ಎರಡು ನಿಮಿಷದಲ್ಲಿ ತಮ್ಮ ತೂಕಕ್ಕೆ ಹೊಂದಿಸಿಕೊಳ್ಳಬಹುದು. ಸ್ಪ್ರಿಂಗಾದರೆ ಬಿಚ್ಚಿ ಬೇರೆ ಹಾಕಬೇಕು. ನನ್ನ ಕೇಳಿದರೆ, ಬೀಳು ನೆಲದಲ್ಲಿ ಖುಷಿಗೆ ಓಡಿಸುವವರಿಗೆ ಸ್ಪ್ರಿಂಗೇ ವಾಸಿ. ಒಂದೂವರೆ ಕೆಜಿಯನ್ನು ನಾವು ಒಂದು ತಿಂಗಳು ಬಿರಿಯಾನಿ ಬಿಟ್ಟರೆ ಇಳಿಸಬಹುದು. ಆದರೆ ಏರ್ ಫೋರ್ಕನ್ನೇ ಕೊಂಡಿದ್ದೀರಿ. ಒಬ್ಬ ಹುಡುಗ, ಬೇರೆ ತೂಕದವನು, ಹತ್ತಲು ಬಂದ. ಎರಡು ನಿಮಿಷದ ಆ ಅನುಕೂಲ ಅವನಿಗಾಗಿಯೇ ಇತ್ತು. ಪಂಪ್ ಮನೇಲಿತ್ತು.

"ನಾವು ದುಡ್ಡು ಕೊಡ್ತೀವಿ, ಸರ್ವಿಸ್ ಅವರ ಕೆಲಸ" ಅನ್ನುವ ವಾದಕ್ಕೆ ಬರೋಣ. ಮೂವತ್ತು ಗಂಟೆಯ ಸರ್ವಿಸ್ ಅವರ ಕೆಲಸ ಇರಲಿ, ಒಪ್ಪಿದೆ. ವಾರಂಟಿ ಹೋಗುತ್ತದೆ ಅನ್ನುವ ಭಯವೂ ಇರಲಿ. ಪ್ರತಿ ಬೆಳಿಗ್ಗೆ ಗೇಜ್ ನೋಡೋದು, ಸಂಜೆ ಬಟ್ಟೆಯಲ್ಲಿ ಒರೆಸೋದು, ಗಂಟೆ ಬರೆದಿಡೋದು ಯಾವ ವಾರಂಟಿಯನ್ನೂ ಕೆಡಿಸುವುದಿಲ್ಲ. ಇದಕ್ಕೆ ಆಳು ಹುಡುಕುತ್ತೀವಿ ಅಂದರೆ ಸಮಸ್ಯೆ ಫೋರ್ಕಿನದ್ದಲ್ಲ. ಬಿ.ಇ. ಓದಿದವನು ಸ್ಪ್ಯಾನರ್ ಮುಟ್ಟಿದರೆ ಓದಿದ್ದಕ್ಕೆ ಅವಮಾನ ಅನ್ನುವ ಒಂದು ಹಳೇ ರೋಗ ನಮ್ಮಲ್ಲಿ ಇದೆ. ಹಳ್ಳಿಯಿಂದ ಬಂದ ನನ್ನಂಥವರಲ್ಲಿ ಅದು ಇನ್ನೂ ಜಾಸ್ತಿ, ಯಾಕೆಂದರೆ ಕೈ ಮಣ್ಣು ತೊಳೆದುಕೊಳ್ಳೋದಕ್ಕೇ ನಮ್ಮನ್ನು ಓದಿಸಿದ್ದು. ಮೆಕ್ಯಾನಿಕಲ್ ಬ್ರಾಂಚಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸಿಗೆ ತೊಂಬತ್ತು ತೆಗೆದ ಗೆಳೆಯನೊಬ್ಬ ತನ್ನ ಬೈಕಿನ ಯಾವ ಕಾಲಿನಲ್ಲಿ ಗಾಳಿ ಇದೆ ಅಂತ ಹೇಳಲಾರ. ಇದೇ ಜನ ಪ್ರೊಡಕ್ಷನ್ ಸರ್ವರಿಗೆ ನಿಮಿಷಕ್ಕೊಂದು ಅಲರ್ಟ್ ಇಟ್ಟುಕೊಂಡು ಫೋನ್ ತಲೆದಿಂಬಿನ ಕೆಳಗೆ ಇಟ್ಟು ಮಲಗುತ್ತಾರೆ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದಾಗ ನಾವೆಲ್ಲ ಹಂಚಿಕೊಂಡಿದ್ದು ಮರಳು ದಿಬ್ಬದ ಮೇಲೆ ಹಾರುವ ಚಿತ್ರಗಳನ್ನು. ಆ ರ‍್ಯಾಲಿಯಲ್ಲಿ ದಿನದ ಓಟ ಮುಗಿದ ಮೇಲೆ ರಾತ್ರಿಯೆಲ್ಲ ಬಿಡಾರದಲ್ಲಿ ಬೈಕು ಬಿಚ್ಚಿ ಜೋಡಿಸುವ ಕೆಲಸ ನಡೆಯುತ್ತದೆ. ಯಾರ ನೆರವೂ ಇಲ್ಲದೆ ಓಡುವವರ ವಿಭಾಗವೇ ಒಂದಿದೆ, ಅಲ್ಲಿ ಸವಾರನೇ ಮೇಸ್ತ್ರಿ. ಆ ಚಿತ್ರಗಳನ್ನು ಯಾರೂ ಸ್ಟೇಟಸ್‌ಗೆ ಹಾಕಲಿಲ್ಲ.

ಹಳ್ಳಿ ಮೇಸ್ತ್ರಿಗೆ ಇದೆಲ್ಲ ಎಲ್ಲಿ ಬರುತ್ತೆ ಅಂತ ಕೇಳುವವರು ಒಮ್ಮೆ ಟ್ರ್ಯಾಕ್ಟರ್ ಹೈಡ್ರಾಲಿಕ್ ಲಿಫ್ಟ್ ಬಿಚ್ಚಿದ್ದನ್ನು ನೋಡಿ. ಒ-ರಿಂಗ್ ಯಾವ ಕಡೆಯಿಂದ ಕೂರಿಸಬೇಕು, ಹರಿತ ಅಂಚಿಗೆ ತಾಗದ ಹಾಗೆ ಹೇಗೆ ಜಾರಿಸಬೇಕು ಅನ್ನೋದು ಆ ಬೆರಳುಗಳಿಗೆ ಗೊತ್ತು. ಇಲ್ಲದಿರುವುದು ಮೂರೇ: ಸರಿಯಾದ ಅಳತೆಯ ಸೀಲು, ಒಂದು ಪಂಪು, ಓದಿ ಅರ್ಥವಾಗುವ ಭಾಷೆಯಲ್ಲಿ ನಾಲ್ಕು ಹಾಳೆ. ಇಡೀ ದಿನ ಡಾಕ್ಯುಮೆಂಟೇಶನ್ ಬರೆಯುವ ನಾವು ಆ ನಾಲ್ಕು ಹಾಳೆಯನ್ನು ಕನ್ನಡದಲ್ಲಿ ಬರೆದಿಲ್ಲ.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಿಂದ ಆಗದ್ದಕ್ಕೆ ಹತ್ತು ಜನ ಕೈ ಹಾಕೋದು ಈ ಸೀಮೆಗೆ ನೂರು ವರ್ಷದ ಹಿಂದಿನ ರೂಢಿ. ಹಾಗಾಗಿ ಸೀಲ್ ಕಿಟ್ ಒಬ್ಬೊಬ್ಬರೇ ತರಿಸಿ ಸಾಗಣೆ ದುಡ್ಡು ಕಳೆಯುವ ಬದಲು ಗುಂಪಿನಲ್ಲಿ ತರಿಸಿ. ಸೀಲ್ ಕೂರಿಸುವ ಅಚ್ಚು, ಎಣ್ಣೆ ಅಳೆಯುವ ಜಾಡಿ, ಒಳ್ಳೆಯ ಗೇಜ್, ಎಲ್ಲ ಒಂದು ಪೆಟ್ಟಿಗೆಯಲ್ಲಿರಲಿ, ಪಿಕಪ್ಪಿನ ಜೊತೆ ಓಡಾಡಲಿ. ನೀವು ಪದೇ ಪದೇ ಹೋಗುವ ಊರಿನ ಗ್ಯಾರೇಜಿಗೆ ಒಂದು ಶಾಕ್ ಪಂಪ್ ಕೊಟ್ಟು ಬನ್ನಿ. ಟೀ ಶರ್ಟ್ ಕೊಡ್ತೀರಲ್ಲ, ಅದರ ಬದಲಿಗೆ.

ಬೆಳ್ಳಟ್ಟಿಗೆ ಒಂದು ಪಂಪ್ ಹೋಗಿದೆ. ಔಷಧ ಪಂಪಿನ ವಾಷರುಗಳು ನೇತುಹಾಕಿರುವ ಮೊಳೆಗೇ ನೇತಾಡುತ್ತಿದೆ. ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಮೂರು ಕಾಲಂ: ತಾರೀಖು, ಸವಾರನ ತೂಕ, ಬಾರ್. ಈ ಸಲ ದಸರಾಕ್ಕೆ ಬರುವವರು ಮೂರನ್ನೂ ತುಂಬಿಸಿದ ಮೇಲೇ ಪಿಕಪ್ಪಿನ ಹಗ್ಗ ಬಿಚ್ಚಿಸಿಕೊಡ್ತೀನಿ ಅಂತ ಮೇಸ್ತ್ರಿ ಹೇಳಿದ್ದಾನೆ. ಜಗಳ ಆಡೋದಿದ್ದರೆ ಅವನ ಹತ್ತಿರ ಆಡಿ.